ಒಂದೂ ಮುಕ್ಕಾಲು ಗಂಟೆ

ದುಬ್ರಾವದಲ್ಲಿ ಯಾರ ನೇಗಿಲ ಗುಳ ಮುರಿದರೂ, ಯಾರ ಟ್ರ್ಯಾಕ್ಟರಿನ ಕೊಂಡಿ ಬಿರುಕುಬಿಟ್ಟರೂ ಅದು ಬಂದು ಬೀಳುತ್ತಿದ್ದುದು ಲೂಮೀರ್ ಕಾಸ್ಪಾರೆಕನ ಬೆಸುಗೆ ಅಂಗಡಿಯ ಬಾಗಿಲಲ್ಲಿ. ಅವನು ಕನ್ನಡಕ ಹಣೆಗೇರಿಸಿ ಒಮ್ಮೆ ನೋಡಿ, "ನಾಳೆ ಬಾ" ಅನ್ನುತ್ತಿದ್ದ, ಇಲ್ಲವೇ "ಬಿಸಾಕು" ಅನ್ನುತ್ತಿದ್ದ. ಮೂರನೆಯ ಮಾತಿರಲಿಲ್ಲ. ಹೀಗೆ ನಿಂತ ನಿಲುವಿನಲ್ಲೇ ತೀರ್ಮಾನ ಹೇಳುವ ಗುಣಕ್ಕೆ ಮೆಚ್ಚಿಯೇ ಊರಿನವರು ಅವನನ್ನು ಮೂವತ್ತೆಂಟನೆಯ ವಯಸ್ಸಿಗೆ ಅಗ್ನಿಶಾಮಕ ದಳದ ಮುಖ್ಯಸ್ಥನನ್ನಾಗಿ ಆರಿಸಿದ್ದು.

ದಳವೆಂದರೆ ಸಂಬಳದವರಲ್ಲ. ಜೋಳ ಬೆಳೆಯುವವರು, ಧಾನ್ಯದ ಗೋದಾಮಿನ ಗುಮಾಸ್ತ, ಶಾಲೆಯ ಬಸ್ಸು ಓಡಿಸುವ ರೋಸಲೀ ಸಿಕೋರಾ, ಹೀಗೆ ಹದಿನಾಲ್ಕು ಮಂದಿ. ಸೊಂಟಕ್ಕೆ ಸಿಕ್ಕಿಸಿದ ಪೇಜರ್ ಪೆಟ್ಟಿಗೆ ಕೂಗಿದರೆ ಕೈಲಿದ್ದ ಕೆಲಸ ಬಿಟ್ಟು ಓಡಿಬರಬೇಕು. ವರ್ಷಕ್ಕೊಮ್ಮೆ ಸಭಾಭವನದಲ್ಲಿ ಹಂದಿಮಾಂಸ, ಕಡುಬು, ಹುಳಿ ಎಲೆಕೋಸಿನ ಊಟ ಹಾಕಿ, ಅಕಾರ್ಡಿಯನ್ ನುಡಿಸಿ, ಮುದುಕರನ್ನೂ ಕುಣಿಸಿ ಎತ್ತಿದ ಹಣದಲ್ಲೇ ನೀರಿನ ಪೈಪು, ಹೆಲ್ಮೆಟ್ಟು, ಆಂಬುಲೆನ್ಸಿನ ಟೈರು ಎಲ್ಲ ಆಗಬೇಕಿತ್ತು.

ಊರಿಗೆ ಎರಡು ಮೈಲಿ ದಕ್ಷಿಣಕ್ಕೆ ಹೆದ್ದಾರಿ. ನೆಬ್ರಾಸ್ಕವನ್ನು ಉದ್ದಕ್ಕೂ ಸೀಳಿಕೊಂಡು ಹೋಗುವ ಆ ರಸ್ತೆಯಲ್ಲಿ ಹಗಲಿರುಳು ಲಾರಿಗಳು. ಯಾವುದರಲ್ಲಿ ಏನಿದೆಯೆಂದು ದುಬ್ರಾವದವರು ಕೇಳಿದವರಲ್ಲ. "ನಮಗೆ ಅವರು ಬಿಟ್ಟುಹೋಗೋದು ಬರೀ ಸದ್ದು" ಎಂದು ಲೂಮೀರನ ಹೆಂಡತಿ ಲಿಬ್ಬಿ ಕಿಟಕಿ ಮುಚ್ಚುತ್ತಾ ಹೇಳುತ್ತಿದ್ದಳು.

ತೊಂಬತ್ತೊಂದರ ಮಾರ್ಚಿನ ಒಂದು ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ, ಮಂಜುಗಡ್ಡೆಯ ತುಂತುರು ಬೀಳುತ್ತಿದ್ದಾಗ ಪೆಟ್ಟಿಗೆ ಕೂಗಿತು. ಲೂಮೀರ್ ತನ್ನ ಆರು ಮಂದಿಯೊಂದಿಗೆ ಹೆದ್ದಾರಿ ಮುಟ್ಟುವಾಗ ಲಾರಿಯೊಂದು ರಸ್ತೆ ಬಿಟ್ಟು ಚರಂಡಿಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಚಾಲಕನ ಗೂಡು ಸೇತುವೆಯ ಕಂಬಕ್ಕೆ ಒತ್ತಿ ನುಜ್ಜಾಗಿತ್ತು. ಹಿಂದಿನ ಪೆಟ್ಟಿಗೆ ಬಾಯಿಬಿಟ್ಟು ಉಕ್ಕಿನ ಪೀಪಾಯಿಗಳು ಹೊಲದಲ್ಲಿ ಉರುಳಿದ್ದವು. ಒಂದೊಂದರ ಮೇಲೂ ಹಳದಿ ಚೀಟಿ, ಅದರಲ್ಲಿ ವಿಕಿರಣ ಸೂಚಿಸುವ ಮೂರು ಎಸಳಿನ ಕಪ್ಪು ಗುರುತು.

ಮೊದಲು ಓಡಿದವಳು ರೋಸಲೀ. ಲೂಮೀರ್ ಅವಳ ಜಾಕೆಟ್ಟಿನ ಕಾಲರ್ ಹಿಡಿದು ಎಳೆದ.

"ನಿಲ್ಲೇ. ಆ ಗುರುತು ಕಾಣಿಸ್ತಿಲ್ವಾ?"

"ಅವನ ಕೈ ಕಾಣಿಸ್ತಿದೆ. ಆಡ್ತಾ ಇದೆ ನೋಡು."

ವಾಹನದ ಸೀಟಿನಡಿ ಒಂದು ಕೈಪಿಡಿ ಇತ್ತು. ಅದನ್ನು ತೆಗೆದು ಒದ್ದೆ ಬೆರಳಲ್ಲಿ ಹಾಳೆ ತಿರುವಿ, ವಿಕಿರಣದ ಪುಟದ ತಲೆಯಲ್ಲಿದ್ದ ಅಪಾಯದ ಸಾಲುಗಳನ್ನು ಲೂಮೀರ್ ಗಟ್ಟಿಯಾಗಿ ಓದಿದ. ಆಮೇಲೆ ರೇಡಿಯೋದಲ್ಲಿ ಕೇಳಿದ. ಅಳೆಯುವ ಯಂತ್ರ ಇರುವ ತಂಡ ರಾಜ್ಯದ ರಾಜಧಾನಿಯಿಂದ ಹೊರಟಿದೆ, ಇನ್ನೂರು ಮೈಲಿ ಬರಬೇಕು, ಅಲ್ಲಿಯವರೆಗೆ ಜನರನ್ನು ದೂರ ಇಡಿ ಎಂದು ಉತ್ತರ ಬಂತು. ಜನರು ಎಂದರೆ ಯಾರು ಎಂದು ಅವನು ಕೇಳಲಿಲ್ಲ. ತನ್ನ ಆರು ಮಂದಿಯನ್ನೂ ಅದರಲ್ಲಿ ಸೇರಿಸಿಕೊಂಡ. ಆರು ಮಂದಿಗೂ ಮನೆಯಲ್ಲಿ ಮಕ್ಕಳಿದ್ದರು. ನೂರೈವತ್ತು ಹೆಜ್ಜೆ ಹಿಂದೆ ಹಗ್ಗ ಕಟ್ಟಿಸಿ, ಆಂಬುಲೆನ್ಸಿನ ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ.

ಚಾಲಕ ಎಚ್ಚರವಾಗಿದ್ದ. ಹೆಸರು ಓಡೆಲ್ ಪ್ರೇಟರ್, ಕೆಂಟಕಿಯವನು ಎಂದು ಅವನೇ ಕೂಗಿ ಹೇಳಿದ. ಲೂಮೀರ್ ಕೈಮೈಕಿನಲ್ಲಿ ಮಾತಾಡಿದ, ಅವನು ಗಂಟಲಲ್ಲಿ ಉತ್ತರಿಸಿದ.

"ತಡ್ಕೊಳಪ್ಪಾ, ತಂಡ ಬರ್ತಾ ಇದೆ."

"ಯಾವ ತಂಡ? ನೀವ್ಯಾರು ಮತ್ತೆ?"

"ನಾವು ಈ ಊರಿನ ಅಗ್ನಿಶಾಮಕದವರು. ಆ ಪೀಪಾಯಿ ಇದಾವಲ್ಲ, ಅದಕ್ಕೆ..."

"ಅಯ್ಯೋ, ಅದರಲ್ಲಿ ಏನೂ ಇಲ್ಲ ಸ್ವಾಮಿ. ಹರಕು ಕೈಗವಸು, ಒರೆಸೋ ಬಟ್ಟೆ, ಸಿಮೆಂಟಲ್ಲಿ ಹೂತಿದಾರೆ. ಒಂಬತ್ತು ವರ್ಷದಿಂದ ಹೊರ್ತಾ ಇದೀನಿ. ಬನ್ನಿ, ನನ್ನ ಕಾಲಿಂದ ರಕ್ತ ಹೋಗ್ತಿದೆ."

ರೋಸಲೀ ಲೂಮೀರನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ. "ಅವನಿಗೆ ಹೇಗೆ ಗೊತ್ತಾಗುತ್ತೆ ಒಡೆದಿದೆಯೋ ಇಲ್ವೋ ಅಂತ? ನೋವಲ್ಲಿರೋನು ಏನು ಬೇಕಾದ್ರೂ ಹೇಳ್ತಾನೆ."

"ಕೀಲಿ ಕೊಡು ಲೂಮೀರ್. ನಾನೊಬ್ಬಳೇ ಹೋಗ್ತೀನಿ. ನಿನ್ನ ಮೇಲೆ ಯಾರೂ ಬರಲ್ಲ."

"ಕೊಡಲ್ಲ."

ಒಂದೂ ಮುಕ್ಕಾಲು ಗಂಟೆ ಓಡೆಲ್ ಮಾತಾಡಿದ. ಮೊದಮೊದಲು ಬೈದ, ಆಮೇಲೆ ಬೇಡಿದ, ಆಮೇಲೆ ಸುಮ್ಮನೆ ಏನೇನೋ ಹೇಳಿಕೊಂಡ. ಗಾಳಿ ಕೆಲವು ಮಾತನ್ನು ತಂದಿತು, ಕೆಲವನ್ನು ತರಲಿಲ್ಲ. ಹನ್ನೆರಡು ಗಂಟೆಗೆ ಮುಂಚೆ ಅವನ ಕೈ ಆಡುವುದು ನಿಂತಿತು. ತಂಡ ಬಂದಾಗ ಒಂದೂವರೆ. ಅವರಲ್ಲೊಬ್ಬ ಯಂತ್ರ ಹಿಡಿದು ಪೀಪಾಯಿಗಳ ನಡುವೆ ಓಡಾಡಿ ಬಂದು, ಮೃದುವಾಗಿಯೇ ಹೇಳಿದ: "ಒಂದೂ ಒಡೆದಿಲ್ಲ. ನಿಮ್ಮ ಸ್ಮಶಾನದ ಗ್ರಾನೈಟ್ ಕಲ್ಲಿನ ಪಕ್ಕ ನಿಂತರೂ ಹೆಚ್ಚುಕಡಿಮೆ ಇಷ್ಟೇ ತೋರಿಸುತ್ತೆ."

ರೋಸಲೀ ಜಾಕೆಟ್ಟು ಬಿಚ್ಚಿ, ಮಡಚಿ, ಆಂಬುಲೆನ್ಸಿನ ಮುಂದಿನ ಸೀಟಿನ ಮೇಲಿಟ್ಟು ಹೆದ್ದಾರಿಯ ಅಂಚಿನಲ್ಲೇ ಊರ ಕಡೆ ನಡೆದುಹೋದಳು. ಅವಳು ಮತ್ತೆ ದಳಕ್ಕೆ ಬರಲಿಲ್ಲ.

ಯಾರೂ ಲೂಮೀರನನ್ನು ದೂರಲಿಲ್ಲ. ವಿಚಾರಣೆಗೆ ಬಂದವರು ಗೊತ್ತಿಲ್ಲದ ಅಪಾಯದೆದುರು ತನ್ನವರನ್ನು ಉಳಿಸಿಕೊಂಡ ಎಂದು ಬರೆದುಕೊಂಡು ಹೋದರು. ಬೇಕರಿಯಲ್ಲಿ ಗಸಗಸೆಯ ಕೊಲಾಚ್ ಬನ್ನು ತಿನ್ನುತ್ತಾ ಕೂತ ಮುದುಕರು, "ನೀನು ಮಾಡಿದ್ದೇ ಸರಿ ಮಾರಾಯ, ಆರು ಹೆಣ ಬೀಳೋ ಕಡೆ ಒಂದು ಬಿತ್ತು" ಎಂದರು. ಅವನು ಕಾಫಿ ಮುಗಿಸದೆ ಎದ್ದುಬಂದ.

ಹತ್ತನೆಯ ದಿನ ಓಡೆಲನ ಹೆಂಡತಿ ನೇಡೀನ್ ಬಂದಳು. ನಲವತ್ತರ ಹತ್ತಿರದ, ಎತ್ತರದ, ಕಡಿಮೆ ಮಾತಿನ ಹೆಂಗಸು. ಸತ್ತ ಜಾಗ ನೋಡಬೇಕು ಎಂದಳು. ಲೂಮೀರ್ ತನ್ನ ಪಿಕಪ್ಪಿನಲ್ಲಿ ಕರೆದುಕೊಂಡು ಹೋದ. ಕಂಬದ ಮೇಲೆ ಲಾರಿಯ ನೀಲಿ ಬಣ್ಣ ಇನ್ನೂ ಮೆತ್ತಿಕೊಂಡಿತ್ತು. ಅವಳು ಅದನ್ನು ಬೆರಳಿಂದ ಮುಟ್ಟಿ, ತಿರುಗಿ ನೋಡದೆ ಕೇಳಿದಳು:

"ನರಳಿದ್ನಾ?"

ಥಟ್ಟನೆ ಹೇಳುವ ಅಭ್ಯಾಸ ಅವನ ನಾಲಿಗೆಗೆ. "ಇಲ್ಲಮ್ಮ. ನಾವು ಬರೋ ಹೊತ್ತಿಗೆ ಹೋಗಿಬಿಟ್ಟಿದ್ರು. ಕಂಬಕ್ಕೆ ತಾಕಿದ ಕ್ಷಣಕ್ಕೇ ಆಗಿರ್ಬೇಕು."

ನೇಡೀನ್ ಒಂದು ಉದ್ದ ಉಸಿರು ಬಿಟ್ಟಳು. "ಹಾಗಾದ್ರೆ ಮಕ್ಕಳಿಗೆ ಹಾಗೇ ಹೇಳ್ತೀನಿ" ಎಂದಳು. ಊರಿಗೆ ಮರಳುವಾಗ ಅವನಿಗೆ ಧನ್ಯವಾದ ಹೇಳಿದಳು. ಆ ಧನ್ಯವಾದವನ್ನು ಅವನು ಲಿಬ್ಬಿಗೂ ಹೇಳಲಿಲ್ಲ.

ಎರಡು ವರ್ಷದ ನಂತರ ಆ ಕಡೆಯ ಶಾಸಕಿ ಥೋರಾ ಎಂಗ್‌ಡಾಲ್ ಅಂಗಡಿಗೆ ಬಂದಳು. ಹೆದ್ದಾರಿಯಲ್ಲಿ ಇಂಥ ಲಾರಿಗಳು ಇನ್ನು ಹೆಚ್ಚಲಿವೆ. ವಿಕಿರಣದ ಕಸ ಹೊತ್ತು ರಾಜ್ಯ ದಾಟುವ ಪ್ರತಿ ಲಾರಿಯೂ ಒಂದು ಶುಲ್ಕ ಕಟ್ಟಬೇಕು, ಆ ಹಣ ರಸ್ತೆಯುದ್ದದ ಊರುಗಳ ದಳಗಳ ತರಬೇತಿಗೂ ಅಳೆಯುವ ಯಂತ್ರಕ್ಕೂ ಮಾತ್ರ ಹೋಗಬೇಕು ಎಂದು ಅವಳು ಮಸೂದೆ ತಂದಿದ್ದಳು. ಸಾಗಣೆಯವರು ವಿರೋಧಿಸುತ್ತಿದ್ದರು.

"ಏನೂ ಆಗಿಲ್ವಲ್ಲ, ಯಾಕೆ ಕೊಡ್ಬೇಕು ಅಂತಾರೆ. ನೀವು ಬಂದು ಏನಾಯ್ತು ಅಂತ ಹೇಳಿದ್ರೆ ಮಸೂದೆ ಬದುಕುತ್ತೆ. ಇಲ್ಲದಿದ್ರೆ ಸಮಿತಿಯಲ್ಲೇ ಸಾಯುತ್ತೆ."

"ಪೂರ್ತಿ ಹೇಳ್ಬೇಕಾ?"

"ಅರ್ಧ ಹೇಳಿದ್ರೆ ಅವರ ವಕೀಲ ಉಳಿದರ್ಧ ಕೇಳ್ತಾನೆ."

ಪೂರ್ತಿ ಹೇಳುವುದಾದರೆ ನೇಡೀನಳಿಗೆ ಮೊದಲು ಹೇಳಬೇಕು. ಅದು ಅವನಿಗೆ ಅವತ್ತೇ ಹೊಳೆದಿತ್ತು. ಊಟದ ಮೇಜಿನ ಮೇಲೆ ಕಾಗದ ಹಿಡಿದು ಕೂತ. "ಪ್ರಿಯ ಶ್ರೀಮತಿ ಪ್ರೇಟರ್, ನಾನು ನಿಮಗೆ ಒಂದು ವಿಷಯ" ಎಂದು ಬರೆದು ಹರಿದ. ಮರುದಿನ ಮತ್ತೆ ಬರೆದ. ಲಿಬ್ಬಿ ಪಾತ್ರೆ ಒರೆಸುತ್ತಾ ನೋಡುತ್ತಿದ್ದವಳು, "ಫೋನ್ ಮಾಡಿಬಿಡು. ಕಾಗದಕ್ಕಿಂತ ಅದು ಬೇಗ ಮುಗಿಯುತ್ತೆ" ಎಂದಳು. ಫೋನು ಮಾಡುವ ಧೈರ್ಯ ಅವನಿಗೆ ಬರಲಿಲ್ಲ. ಆರನೆಯ ಸಲ ಬರೆದದ್ದನ್ನು ಲಕೋಟೆಗೆ ಹಾಕಿ, ಪಿಕಪ್ಪಿನ ಮುಂದಿನ ಹಲಗೆಯ ಮೇಲಿಟ್ಟುಕೊಂಡು ಮೂರು ವಾರ ಓಡಾಡಿದ. ಒಂದೊಂದು ದಿನವೂ ನಾಳೆ ಹಾಕುತ್ತೇನೆ ಎಂದುಕೊಂಡ. ಇನ್ನೊಬ್ಬರ ಕಬ್ಬಿಣಕ್ಕೆ ಅರೆನಿಮಿಷದಲ್ಲಿ ತೀರ್ಪು ಕೊಡುತ್ತಿದ್ದ ಮನುಷ್ಯ ಒಂದು ಲಕೋಟೆಯನ್ನು ಅಂಚೆಪೆಟ್ಟಿಗೆಗೆ ಹಾಕಲಾರದೆ ಹೋದ. ಕೊನೆಗೆ ಹಾಕಿದ್ದು ಸಮಿತಿಯ ವಿಚಾರಣೆಯ ಹಿಂದಿನ ದಿನ, ರಾಜಧಾನಿಗೆ ಹೋಗುವ ದಾರಿಯಲ್ಲಿ.

ಶಾಸನಸಭೆಯ ಸಮಿತಿ ಕೋಣೆಯಲ್ಲಿ ಅವನು ಮದುವೆಯ ಕೋಟು ತೊಟ್ಟು ಕೂತಿದ್ದ. ಸಾಗಣೆಯವರ ವಕೀಲ ಒಳ್ಳೆಯ ಮಾತುಗಾರ.

"ಕಾಸ್ಪಾರೆಕ್ ಅವರೇ, ಪೆಟ್ರೋಲಿನ ಟ್ಯಾಂಕರು ಇದಕ್ಕಿಂತ ಹತ್ತು ಪಾಲು ಅಪಾಯ ಅಲ್ವೇ? ಅದಕ್ಕೆ ಶುಲ್ಕ ಯಾಕೆ ಬೇಡ?"

"ಪೆಟ್ರೋಲು ನಮಗೆ ಗೊತ್ತು. ವಾಸನೆ ಬರುತ್ತೆ, ಉರಿ ಕಾಣುತ್ತೆ. ನನ್ನೋರು ಅದರ ಕಡೆ ಓಡ್ತಾರೆ. ಇದು ಕಾಣಲ್ಲ. ಅವತ್ತು ನಾವು ನಿಂತಿದ್ದು ಬೆಂಕಿಗೆ ಹೆದರಿ ಅಲ್ಲ, ಒಂದು ಚೀಟಿಗೆ ಹೆದರಿ."

"ಯಂತ್ರ ಇದ್ದಿದ್ರೆ ಹೋಗ್ತಿದ್ರಾ?"

"ಹೋಗ್ತಿದ್ದೆ."

ಆಮೇಲೆ ಅವನು ಓಡೆಲ್ ಎಷ್ಟು ಹೊತ್ತು ಬದುಕಿದ್ದ, ಪೀಪಾಯಿಯಲ್ಲಿ ಏನಿದೆಯೆಂದು ಅವನೇ ಹೇಗೆ ಕೂಗಿ ಹೇಳಿದ, ಎಲ್ಲ ಹೇಳಿದ. ಸಮಿತಿ ಮಸೂದೆಯನ್ನು ಒಂದು ಮತದಿಂದ ಮುಂದೆ ಕಳಿಸಿತು. ವಸಂತ ಮುಗಿಯುವುದರೊಳಗೆ ಅದು ಕಾನೂನಾಯಿತು.

ಆದರೆ ವಿಚಾರಣೆಯ ಮರುದಿನವೇ ಸುದ್ದಿ ಪತ್ರಿಕೆಯಿಂದ ಪತ್ರಿಕೆಗೆ ಹಾರಿತ್ತು. ಕಾಗದ ಇನ್ನೂ ದಾರಿಯಲ್ಲಿದ್ದಾಗ ಕೆಂಟಕಿಯ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿತು. ನಾಲ್ಕನೆಯ ದಿನ ಮಧ್ಯಾಹ್ನ ಅಂಗಡಿಯ ಫೋನು ರಿಂಗಾಯಿತು.

"ನಾನು ನೇಡೀನ್ ಪ್ರೇಟರ್."

ಲೂಮೀರ್ ಬೆಸುಗೆಯ ಕವಚ ತೆಗೆದು ಬೆಂಚಿನ ಮೇಲಿಟ್ಟ. "ನನ್ನ ಕಾಗದ ಬಂತಾ?"

"ಇವತ್ತು ಬಂತು. ಮಗಳು ಸೋಮವಾರ ಸ್ಕೂಲಲ್ಲಿ ಓದ್ಕೊಂಡು ಬಂದ್ಲು. ಯಾರೋ ಪೇಪರು ತಂದು ಅವಳ ಡೆಸ್ಕಿನ ಮೇಲೆ ಇಟ್ಟಿದ್ರಂತೆ."

ಅವನು ಕೈಗೆ ಸಿಕ್ಕ ಸ್ಟೂಲು ಎಳೆದುಕೊಂಡು ಕೂತ.

"ನೀವು ಅವತ್ತು ಸುಳ್ಳು ಹೇಳಿದ್ದು ನನಗೆ ಅರ್ಥ ಆಗುತ್ತೆ" ಎಂದಳು ನೇಡೀನ್. ದನಿಯಲ್ಲಿ ಏರಿಳಿತವಿರಲಿಲ್ಲ. "ಕಂಡೋರ ಹೆಂಡತಿಗೆ ಯಾರು ಹೇಳ್ತಾರೆ ಅಂಥದ್ದನ್ನ. ಆದ್ರೆ ಎರಡು ವರ್ಷ ಇತ್ತಲ್ಲ ನಿಮ್ಮ ಹತ್ರ. ನಮ್ಮನೆ ನಂಬರ್ ಇತ್ತಲ್ಲ."

"ತಪ್ಪಾಯ್ತು."

"ತಪ್ಪಾಯ್ತು ಅನ್ನೋದನ್ನ ಕಾಗದದಲ್ಲೇ ಬರೆದಿದೀರಿ. ನನಗೆ ಬೇಕಾಗಿದ್ದು ಬೇರೆ. ಅಷ್ಟು ಹೊತ್ತು ಮಾತಾಡಿದ್ದ ಅಂದ್ರಲ್ಲ. ಅವನು ಏನೇನು ಆಡಿದ್ನೋ ಎಲ್ಲ ಬರೆದು ಕಳಿಸಿ. ಒಂದೂ ಬಿಡ್ಬೇಡಿ. ಚೆನ್ನಾಗಿರೋದನ್ನ ಮಾತ್ರ ಆರಿಸ್ಬೇಡಿ."

ಆ ಸಂಜೆಯೇ ಲೂಮೀರ್ ಬರೆಯಲು ಕೂತ. ಒಂದು ಪುಟಕ್ಕಿಂತ ಹೆಚ್ಚು ಬರಲಿಲ್ಲ. ಎರಡು ವರ್ಷ ಆ ಮಾತುಗಳನ್ನು ಒಳಗೆ ಬರಗೊಡದೆ ತಳ್ಳಿದ್ದವನಿಗೆ ಈಗ ಕರೆದರೆ ಬರುತ್ತಿರಲಿಲ್ಲ. ಇನ್ನೊಬ್ಬರಿಗೆ ನೆನಪಿರಬೇಕಾದರೆ ಅದು ರೋಸಲೀಗೆ. ಎರಡು ವರ್ಷದಿಂದ ಅವಳು ಬೀದಿಯಲ್ಲಿ ಎದುರಾದರೆ ತಲೆ ಆಡಿಸುತ್ತಿದ್ದಳೇ ಹೊರತು ಮಾತಾಡಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳ ಹಿತ್ತಲ ಬಾಗಿಲು ತಟ್ಟಿದ. ಅವಳು ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತಾ ಬಾಗಿಲು ತೆಗೆದು, ವಿಷಯ ಕೇಳಿ, ಕುರ್ಚಿ ತೋರಿಸಿ ಮತ್ತೆ ಹಿಟ್ಟು ನಾದತೊಡಗಿದಳು.

"ಮೊದಲು ಬೈದ" ಎಂದ ಲೂಮೀರ್.

"ನಿನ್ನನ್ನ ಬೈದ. 'ಹೇಡಿ ಜೋಳದ ತೆನೆಗಳಾ' ಅಂದ. ಬರ್ಕೋ."

ಅವನು ಬರೆದುಕೊಂಡ.

"ಆಮೇಲೆ ಪೀಪಾಯಿ ವಿಷಯ" ಎಂದಳು. "ಆಮೇಲೆ ಮಗಳಿಗೆ ಹಲ್ಲಿನ ತಂತಿ ಹಾಕಿಸೋಕೆ ಅಂತ ಈ ಸರದಿ ಒಪ್ಕೊಂಡೆ ಅಂದ. ನೇಡೀನ್ ಬೇಡ ಅಂದಿದ್ಲಂತೆ, ಹವಾ ಸರಿ ಇಲ್ಲ ಅಂತ."

"ಅದು ನನಗೆ ಕೇಳಿಸ್ಲಿಲ್ಲ."

"ನೀನು ಆವಾಗ ರೇಡಿಯೋ ಹತ್ರ ಹೋಗಿದ್ದೆ." ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಕೊನೆಗೆ ಏನಂದ ಗೊತ್ತಾ? ಎಳೆದು ತೆಗೀಬೇಡಿ, ಅದು ಆಗಲ್ಲ ಅಂತ ಗೊತ್ತಾಗ್ತಿದೆ. ಯಾರಾದ್ರೂ ಬಂದು ಹತ್ರ ಕೂತ್ಕೊಳ್ಳಿ, ಸಾಕು ಅಂದ. ಎರಡು ಸಲ ಅಂದ."

ಲೂಮೀರನ ಪೆನ್ನು ನಿಂತಿತು. ಅದು ಅವನಿಗೂ ಕೇಳಿಸಿತ್ತು. ಕೇಳಿಸಲಿಲ್ಲವೆಂದು ತನಗೆ ತಾನೇ ಹೇಳಿಕೊಂಡು ನಂಬಿದ್ದ.

"ಇದನ್ನ ಬರೀಲೇಬೇಕಾ ರೋಸಲೀ?"

"ಆರಿಸ್ಬೇಡ ಅಂದ್ಲಲ್ಲ ಅವಳು."

ಬರೆದ. ಅಲ್ಲಿಯೇ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಪುಟ ತುಂಬಿತು. ಕೊನೆಯಲ್ಲಿ ರೋಸಲೀಯೂ ಸಹಿ ಹಾಕಿದಳು. ಈ ಸಲ ಅವನು ಒಂದು ಗಳಿಗೆಯೂ ಇಟ್ಟುಕೊಳ್ಳದೆ ನೇರ ಅಂಚೆಕಚೇರಿಗೆ ಹೋಗಿ ಹಾಕಿಬಂದ. ಅದಕ್ಕೆ ಉತ್ತರ ಬರಲಿಲ್ಲ. ಆ ವರ್ಷವೂ ಇಲ್ಲ, ಮುಂದೆಂದೂ ಇಲ್ಲ.

ಶುಲ್ಕದ ಹಣದಲ್ಲಿ ಮೊದಲ ತರಬೇತಿ ತೊಂಬತ್ನಾಲ್ಕರ ಏಪ್ರಿಲಿನಲ್ಲಿ ದುಬ್ರಾವದ ಸಭಾಭವನದಲ್ಲೇ ನಡೆಯಿತು. ಹಳದಿ ಬಣ್ಣದ ಎರಡು ಯಂತ್ರಗಳು ಬಂದಿದ್ದವು. ಸುತ್ತಲಿನ ಐದು ಊರಿನವರು ಬಂದಿದ್ದರು. ರೋಸಲೀಯೂ ಬಂದು ಬಾಗಿಲ ಬಳಿ ಕೂತಿದ್ದಳು. ಲೂಮೀರ್ ಮುಂದಿನ ಸಾಲಿನಲ್ಲಿದ್ದ. ಕಲಿಸಲು ಬಂದವಳು ಗಿಡ್ಡನೆಯ, ಚುರುಕಾದ ಹೆಂಗಸು. ಯಂತ್ರವನ್ನು ಮುಟ್ಟುವ ಮೊದಲು ಅವಳು ಕೈಪಿಡಿ ತೆರೆಸಿದಳು. ಅದೇ ಕೈಪಿಡಿ, ಅದೇ ವಿಕಿರಣದ ಪುಟ.

"ಎಲ್ಲರೂ ತಲೆಯ ಸಾಲು ಓದಿ ಹೆದರ್ತಾರೆ. ಕೆಳಗೆ ಬನ್ನಿ. ಏನು ಬರೆದಿದೆ? ಜೀವ ಉಳಿಸೋದು, ಗಾಯಕ್ಕೆ ಕಟ್ಟೋದು ಮೊದಲು. ಅಳೆಯೋದು ಆಮೇಲೆ. ಯಂತ್ರ ಬರ್ಲಿ ಅಂತ ಯಾರೂ ಕಾಯಬೇಕಾಗಿಲ್ಲ. ಇದು ಇವತ್ತಿನ ಮೊದಲನೇ ಪಾಠ."

ಐದು ಊರಿನವರೂ ಲೂಮೀರನ ಕಡೆ ನೋಡದಿರಲು ಪ್ರಯತ್ನಿಸಿದರು. ಅವನು ಬೆರಳಿಟ್ಟು ಆ ಸಾಲನ್ನು ಓದಿದ. ಮತ್ತೊಮ್ಮೆ ಓದಿದ. ಯಂತ್ರವಿದ್ದಿದ್ದರೆ ಹೋಗುತ್ತಿದ್ದೆ ಎಂದು ಅವನು ಶಾಸನಸಭೆಯಲ್ಲಿ ಹೇಳಿದ್ದ. ಅದನ್ನು ಹೇಳುವಾಗ ನಂಬಿಯೇ ಹೇಳಿದ್ದ. ಆ ನಂಬಿಕೆಯೊಂದು ಅವನಿಗೆ ಸ್ವಲ್ಪ ಆಸರೆಯಾಗಿತ್ತು. ಆ ತುಂತುರಿನಲ್ಲಿ ಹೆಬ್ಬೆರಳನ್ನು ಎರಡಂಗುಲ ಕೆಳಗೆ ಸರಿಸಿದ್ದರೆ ಸಾಕಿತ್ತು.

ಊಟದ ಬಿಡುವಿನಲ್ಲಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದವನ ಬಳಿ ರೋಸಲೀ ಬಂದು ನಿಂತಳು.

"ನಿನಗೆ ಇದು ಗೊತ್ತಿತ್ತಾ?" ಎಂದು ಅವನು ಕೇಳಿದ.

"ಇಲ್ಲ. ಗೊತ್ತಿದ್ದಿದ್ರೆ ನಿನ್ನ ಜೇಬು ಹರಿದು ಕೀಲಿ ತಗೋತಿದ್ದೆ." ಅವನ ಪಕ್ಕ ಮೆಟ್ಟಿಲ ಮೇಲೆ ಕೂತು ಮತ್ತೆ ಹೇಳಿದಳು: "ಗೊತ್ತಿಲ್ದೇನೂ ತಗೋಬೋದಿತ್ತು. ನಡ್ಕೊಂಡೇ ಹೋಗ್ಬೋದಿತ್ತು, ನೂರೈವತ್ತು ಹೆಜ್ಜೆ. ನನ್ನ ಕಾಲನ್ನ ನೀನು ಕಟ್ಟಿರ್ಲಿಲ್ಲ. ಅದನ್ನ ನಾನೂ ಯೋಚಿಸ್ತಾ ಇರ್ತೀನಿ."

ಆ ತಿಂಗಳ ಸಭೆಯಲ್ಲಿ ಲೂಮೀರ್ ಮುಖ್ಯಸ್ಥನ ಕೆಲಸ ಬಿಟ್ಟ. ರೋಸಲೀಯ ಹೆಸರನ್ನು ತಾನೇ ಸೂಚಿಸಿದ. ಅವಳು ದಳದಲ್ಲೇ ಇಲ್ಲವಲ್ಲ ಎಂದು ಗೋದಾಮಿನ ಗುಮಾಸ್ತ ಆಕ್ಷೇಪ ತೆಗೆದ. "ಮೊದಲು ಸೇರಿಸ್ಕೊಳ್ಳಿ, ಆಮೇಲೆ ಆರಿಸಿ. ಎರಡಕ್ಕೂ ಸೇರಿ ಹತ್ತು ನಿಮಿಷ ಸಾಕು" ಎಂದ ಲೂಮೀರ್. ಒಂಬತ್ತು ಕೈಗಳು ಎದ್ದವು.

ಎರಡು ಸಾವಿರದ ಮೂರರಲ್ಲಿ ಅಂಥದೇ ಇನ್ನೊಂದು ಲಾರಿ ಮಗುಚಿತು, ಪಶ್ಚಿಮದ ತಿರುವಿನಲ್ಲಿ. ಅರವತ್ತು ದಾಟಿದ್ದ ಲೂಮೀರ್ ಸುದ್ದಿ ಕೇಳಿ ಪಿಕಪ್ಪು ತೆಗೆದುಕೊಂಡು ಹೋಗಿ ದೂರದಲ್ಲಿ ನಿಲ್ಲಿಸಿದ. ರೋಸಲೀ ಕೊರಳಿಗೆ ಯಂತ್ರ ನೇತುಹಾಕಿಕೊಂಡು, ಅದರ ಸದ್ದಿಗೂ ಕಾಯದೆ ನೇರ ನಡೆದುಹೋಗಿ ಒಡೆದ ಗಾಜಿನೊಳಗೆ ತೋಳು ಹಾಕಿದ್ದನ್ನು ನೋಡಿದ. ಚಾಲಕ ತೊಡೆಮೂಳೆ ಮುರಿದಿದ್ದ ಯುವಕ. ಹನ್ನೊಂದು ನಿಮಿಷದಲ್ಲಿ ಅವನು ಸ್ಟ್ರೆಚರಿನ ಮೇಲಿದ್ದ, ಆಂಬುಲೆನ್ಸು ಹೊರಟಿತ್ತು.

ಬೇಕರಿಯಲ್ಲಿ ಜನ ಲೂಮೀರನ ಬೆನ್ನು ತಟ್ಟಿದರು. "ನಿನ್ನ ಕಾನೂನು ಒಂದು ಜೀವ ಉಳಿಸ್ತು ನೋಡು." ಅವನು ಹೂಂ ಎಂದ. ಇಂಥ ದಿನ ಬಂದರೆ ಎದೆಯ ಭಾರ ಇಳಿದೀತೆಂದು ಅವನು ಹತ್ತು ವರ್ಷ ಕಾದಿದ್ದ. ಮನೆಗೆ ಬಂದು ಬೂಟು ಬಿಚ್ಚದೆ ಕೂತವನನ್ನು ಲಿಬ್ಬಿ ಕೇಳಿದಳು.

"ಹುಡುಗ ಉಳಿದ್ನಂತೆ?"

"ಉಳಿದ."

"ಮತ್ಯಾಕೆ ಹೀಗಿದೀಯ?"

"ಎಷ್ಟು ಸುಲಭ ಇತ್ತು ಲಿಬ್ಬಿ. ಸುಮ್ನೆ ನಡ್ಕೊಂಡು ಹೋದ್ಲು, ಅಷ್ಟೇ. ನಾನು ಅದನ್ನ ಏನೋ ದೊಡ್ಡ ಕೆಲಸ ಅಂದ್ಕೊಂಡಿದ್ದೆ."

ಪ್ರತಿ ಏಪ್ರಿಲಿನಲ್ಲಿ ಹೊಸಬರ ತರಬೇತಿಗೆ ಅವನು ಹೋಗುತ್ತಿದ್ದ. ರೋಸಲೀ ಹತ್ತು ನಿಮಿಷ ಬಿಟ್ಟುಕೊಡುತ್ತಿದ್ದಳು. ಓಡೆಲ್ ಪ್ರೇಟರನ ಹೆಸರು ಹೇಳಿ ಶುರುಮಾಡಿ, ಅಂಚೆಗೆ ತಡವಾಗಿ ಹಾಕಿದ ಕಾಗದದವರೆಗೆ ಯಾವುದನ್ನೂ ಬಿಡದೆ ಹೇಳುತ್ತಿದ್ದ. ಶುಲ್ಕದ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಒಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೊಸ ಸದಸ್ಯೆಯೊಬ್ಬಳು ಕೈಯೆತ್ತಿ, "ಆ ಕಾನೂನು ಮಾಡಿಸಿದ್ದು ನೀವೇ ಅಲ್ವಾ ಸರ್, ಅದನ್ನ ಹೇಳಲೇ ಇಲ್ಲ" ಎಂದಳು.

"ಅದನ್ನ ಮಾಡಿದೋರು ಬೇರೆ ಇದಾರಮ್ಮ" ಎಂದ ಲೂಮೀರ್. "ನಾನು ಹೋಗಿ ನಡೆದಿದ್ದು ಹೇಳ್ದೆ. ಅದನ್ನ ಮೊದಲು ಬೇರೆ ಕಡೆ ಹೇಳ್ಬೇಕಿತ್ತು."

ಅಷ್ಟು ಹೇಳಿ ಅವನು ಟೋಪಿ ಎತ್ತಿಕೊಂಡು ಹೊರಟ. ರೋಸಲೀ ಎಲ್ಲರಿಗೂ ಕೈಪಿಡಿಯ ಆ ಪುಟ ತೆರೆಯಲು ಹೇಳಿದಳು.